ಓಡಿದವರ ಕಲ್ಲು

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಮೈಸೂರಿನ ಎಂಜಿನಿಯರ್‌ಗೆ ಕೊನೆಗೂ ಜರ್ಮನ್ ಭಾಷೆ ಹತ್ತಲಿಲ್ಲ. ಊರಾಚೆಯ ರಸ್ತೆ ಬದಿಯಲ್ಲಿ ಐನೂರು ವರ್ಷ ಹಿಂದಿನ ರೈತ ದಂಗೆಯ ಕಲ್ಲುಗಳಿವೆ. ಯಾವ ಪಡೆ ಎತ್ತ ಹೋಯಿತೆಂದು ಬಾಣದ ಗುರುತು ಹಾಕಿ ಬರೆದಿದ್ದಾರೆ. ಎಂಜಿನಿಯರ್ ಅವನ್ನು ವೀರಗಲ್ಲುಗಳೆಂದೇ ತಿಳಿದಿದ್ದರು. ಭಾನುವಾರದ ವಾಕಿಂಗ್‌ನಲ್ಲಿ ಪ್ರತಿ ಕಲ್ಲಿನ ಮುಂದೆಯೂ ಶೂ ಬಿಚ್ಚಿ, ಕೈಮುಗಿದು, ಆಮೇಲೆ ನನ್ನತ್ತ ತಿರುಗಿ, “ಏನ್ ಬರ್ದಿದಾರೆ ನೋಡಿ” ಎನ್ನುತ್ತಿದ್ದರು. ನಾನು ಓದಿ ಹೇಳಬೇಕು.

ಒಮ್ಮೆ ಒಂದು ಕಲ್ಲಿನ ಮುಂದೆ ಸೇವಂತಿಗೆಯನ್ನೂ ಇಟ್ಟರು. ನಾನು ಓದಿದೆ.

“ಸಾರ್, ಇಲ್ಲಿ ಯಾರೂ ಸತ್ತಿಲ್ಲ. ರೈತರು ಇಲ್ಲಿಂದ ಕಾಡಿನ ಕಡೆ ಓಡಿಹೋದ್ರಂತೆ.”

ಅವರು ಹೂವನ್ನು ನೋಡಿದರು. “ಇರ್ಲಿ ಬಿಡಿ. ಇಟ್ಟಿದ್ದನ್ನ ವಾಪಸ್ ತಗೋಬಾರ್ದು.”

ಮರುವರ್ಷ ಅವರ ಕೆಲಸ ಹೋಯಿತು. ಊರಿಗೆ ಹೊರಟ ದಿನ ನಾನೇ ಏರ್‌ಪೋರ್ಟ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಹೂವಿಟ್ಟಿದ್ದ ಆ ಕಲ್ಲಿನ ಹತ್ತಿರ ಕಾರು ನಿಲ್ಲಿಸಲು ಹೇಳಿ, ಇಳಿದು, ಶೂ ಬಿಚ್ಚಿ ಕೈಮುಗಿದರು.

“ಓಡಿದೋರು ಮನೆ ಸೇರಿದ್ರಾ? ಏನ್ ಬರ್ದಿದಾರೆ ನೋಡಿ.”

ಎರಡು ಸಲ ಹುಡುಕಿದೆ. ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

“ಸೇರಿದ್ರಂತೆ ಸಾರ್,” ಎಂದು ಓದಿ ಹೇಳಿದೆ.