ಬೋರಲಿಟ್ಟ ಬಟ್ಟಲು

ಧಾರವಾಡದ ಚಿತ್ರಶಾಲೆಯ ಮೂಡಣ ಕಿಟಕಿಗೆ ಬಿಸಿಲು ತಾಗುವ ಮೊದಲೇ ಜವಾನ ಗೌಸಸಾಬರು ಮೇಜಿನ ಮುಂದೆ ಬಗ್ಗಿ ನಿಂತಿರುತ್ತಾರೆ. ನೀಲಿ ಬಟ್ಟೆಯ ನಿರಿಗೆ ನಿನ್ನೆ ಬಿದ್ದಂತೆಯೇ ಬೀಳಬೇಕು. ತಾಮ್ರದ ತಂಬಿಗೆ ಸೀಮೆಸುಣ್ಣದ ಗೆರೆಯೊಳಗೇ ಕೂರಬೇಕು. ಬಾಡಿದ ನಿಂಬೆಹಣ್ಣನ್ನು ಬದಲಿಸುವಂತಿಲ್ಲ, ಅದು ಬಾಡುವುದನ್ನೇ ತ್ರ್ಯಂಬಕ ಮಾಸ್ತರರು ಬರೆಯುತ್ತಿದ್ದಾರೆ. ಮಾಸ್ತರರ ಚಿತ್ರಗಳು ಮುಂಬಯಿಯ ಪ್ರದರ್ಶನಕ್ಕೆ ಹೋಗುತ್ತವೆ. ಅವುಗಳ ಮೂಲೆಯಲ್ಲಿ ಜವಾನನ ಹೆಸರು ಬರೆಯುವ ರೂಢಿ ಇಲ್ಲ.

ತಂಬಿಗೆ ಗೌಸಸಾಬರ ಮನೆಯದು. ಅದಕ್ಕೂ ಮೊದಲು ಹಿತ್ತಾಳೆ ಕೊಡ ಬಂದಿತ್ತು. ಹೋದ ತಿಂಗಳು ಹೆಂಡತಿ ಅಖ್ತರಬೇಗಂ, "ಕೊಡಾ ಒಯ್ದ್ರಿ, ತಂಬಿಗಿ ಒಯ್ದ್ರಿ. ಇನ್ನ ನನ್ನೂ ಒಯ್ದು ಮೇಜಿನ ಮ್ಯಾಲೆ ಕುಂಡ್ರಸ್ರಿ!" ಎಂದವರೇ ಹುಬ್ಬಳ್ಳಿಯ ತವರಿಗೆ ಹೊರಟುಹೋದರು. ಬರುವ ಸುದ್ದಿಯೇ ಇಲ್ಲ.

ಊರಿಗೆ ಹೋದವರ ಚಹಾದ ಬಟ್ಟಲನ್ನು ತೊಳೆದು ಬೋರಲಿಡುವುದು ಆ ಮನೆಯ ಪದ್ಧತಿ. ಅವರು ಮರಳುವವರೆಗೆ ಯಾರೂ ಮುಟ್ಟುವುದಿಲ್ಲ. ಗೌಸಸಾಬರು ಮುಟ್ಟಿದರು. ಶಾಲೆಯ ಬಟ್ಟಲು ಅವರ ಕೈಯಲ್ಲೇ ಒಡೆದಿತ್ತು, ಮಾಸ್ತರರು ಕುಂಚ ಹಿಡಿದು ಕಾಯುತ್ತಿದ್ದರು. ಹೆಂಡತಿಯ ಬಟ್ಟಲನ್ನು ತಂದದ್ದೇನೋ ನಿಜ, ನೆಟ್ಟಗಿಡಲು ಮನಸ್ಸು ಬರಲಿಲ್ಲ.

ಈಗ ಚಿತ್ರ ಮುಗಿದಿದೆ. ನೋಡಬಂದವರು ಗಲ್ಲಕ್ಕೆ ಕೈ ಹಚ್ಚಿ ನಿಲ್ಲುತ್ತಾರೆ. ಬೋರಲು ಬಟ್ಟಲೆಂದರೆ ವೈಧವ್ಯ ಎನ್ನುತ್ತಾರೆ ಒಬ್ಬ ವಕೀಲರು. ಹಾಡುಗಾರ್ತಿ ಸುಹಾಸಿನಿಬಾಯಿಯವರಿಗೆ ಹಾಡು ನಿಂತ ಮೇಲಿನ ಮೌನ ಕಾಣುತ್ತದೆ. ಮಾಸ್ತರರು ಇಬ್ಬರಿಗೂ ತಲೆದೂಗುತ್ತಾರೆ.

"ವೈಧವ್ಯ ಅಂದ್ರ ಹೆಂಗ್ರಿ?" ಬಾಗಿಲ ಬಳಿ ಗೌಸಸಾಬರು ಗೊಣಗುತ್ತಾರೆ. "ನಾ ಇನ್ನೂ ಗಟ್ಟಿ ಅದೇನಿ!"

ಸುದ್ದಿ ಹುಬ್ಬಳ್ಳಿಗೆ ಮುಟ್ಟುವುದು ಅಖ್ತರಬೇಗಂರ ತಮ್ಮ, ಟಾಂಗಾ ಹೊಡೆಯುವ ಮೌಲಾಲಿಯಿಂದ. ಮರುದಿನವೇ ಅದೇ ಟಾಂಗಾದಲ್ಲಿ ಅಕ್ಕ ಚಿತ್ರಶಾಲೆಯ ಮುಂದೆ ಬಂದಿಳಿಯುತ್ತಾರೆ.

"ನನ್ನ ಬಟ್ಟಲಾ ಮಂದಿ ಮುಂದ ಇಟ್ಟೀರಂತ?"

ಗೌಸಸಾಬರು ಚಿತ್ರದತ್ತ ಕೈ ತೋರಿಸುತ್ತಾರೆ. ಆಕೆ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಬೋರಲು ಬಟ್ಟಲಿನತ್ತ ಬೆರಳು ತೋರಿಸುವಾಗ ದನಿ ಇಳಿಯುತ್ತದೆ.

"ಡಬ್ಬನ ಇಟ್ಟೀರಿ."

"ಮತ್ತ? ನೀ ಇನ್ನೂ ಬಂದಿದ್ದಿಲ್ಲಲಾ."

ಅಖ್ತರಬೇಗಂ ಮೇಜಿನ ಮೇಲಿನ ಬಟ್ಟಲನ್ನೆತ್ತಿ ಸೆರಗಿನಿಂದ ಒರೆಸಿಕೊಂಡು, ತಂಬಿಗೆಯನ್ನೂ ಬಗಲಿಗಿಟ್ಟು, ಹುಬ್ಬಳ್ಳಿಯ ದಾರಿ ಬಿಟ್ಟು ಮನೆಯ ದಾರಿ ಹಿಡಿಯುತ್ತಾರೆ.

ಮರುದಿನ ಬೆಳಗಿನ ಜಾವ ಗೌಸಸಾಬರು ಮತ್ತೆ ನಿರಿಗೆ ತಿದ್ದುತ್ತಿದ್ದಾರೆ. ಹೊಸ ಚಿತ್ರಕ್ಕೆ ಏನಿಡುತ್ತೀ ಎಂದು ಮಾಸ್ತರರು ಕೇಳುತ್ತಾರೆ.

"ಪ್ಯಾಟ್ಯಾಗಿಂದ ತರ್ತೇನ್ರಿ ಮಾಸ್ತರ. ಮನಿ ಸಾಮಾನ ಇನ್ನ ಮನ್ಯಾಗ ಇರ್ಲಿ." ಬಟ್ಟೆಯಿಂದ ತಲೆ ಎತ್ತದೆಯೇ ಸೇರಿಸುತ್ತಾರೆ: "ಈಗ ಚಾ ಕುಡದು ಬಂದ್ವಿ, ಇಬ್ರೂ. ಬಟ್ಟಲಾ ನಿಮ್ಮ ಚಿತ್ರದಾಗ ಅಷ್ಟ ಡಬ್ಬ ಐತ್ರಿ."