ಒಣಗಿದ ತಟ್ಟೆ

ನಮ್ಮಕ್ಕ ಅಪರಾಧಶಾಸ್ತ್ರದ ಪ್ರಾಧ್ಯಾಪಕಿ. ಇಪ್ಪತ್ತಾರು ವರ್ಷದಿಂದ ಜೈಲು ಸುತ್ತುತ್ತಿದ್ದಾಳೆ. ಕೈದಿಗಳ ಹಕ್ಕಿನ ಬಗ್ಗೆ ಅವಳು ಬರೆದ ವರದಿಗಳಿಂದ ಸರ್ಕಾರಿ ಕಪಾಟುಗಳು ತುಂಬಿವೆ; ಓದಿದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ. ಟಿಪ್ಪಣಿ ಬರೆಯಲು ನನ್ನನ್ನು ಎಳೆದುಕೊಂಡು ಹೋಗುತ್ತಾಳೆ. ತಂಗಿ ಎಂದರೆ ಬಿಟ್ಟಿ ಗುಮಾಸ್ತೆ.

ಜೈಲಿನೊಳಗೆ ಅವಳು ಯಾವ ಕೈದಿಯನ್ನೂ ಏನೂ ಕೇಳುವುದಿಲ್ಲ. ಮೊದಲ ವರ್ಷ ಒಬ್ಬನನ್ನು, ಕಾವಲುಗಾರನ ಎದುರಿಗೇ, ಇಲ್ಲಿ ಹೊಡೆಯುತ್ತಾರಾ ಎಂದು ಕೇಳಿಬಿಟ್ಟಿದ್ದಳು. ಅವನು ಇಲ್ಲ ಎಂದಿದ್ದ. ಮುಂದಿನ ಭೇಟಿಯ ಹೊತ್ತಿಗೆ ಅವನ ಕೈ ಮುರಿದಿತ್ತು. ಅದು ತನ್ನದೇ ತಪ್ಪು ಎಂದು ಅಕ್ಕ ಇಂದಿಗೂ ಕೊರಗುತ್ತಾಳೆ.

ಅಂದಿನಿಂದ ಅವಳು ಮಧ್ಯಾಹ್ನದ ಊಟ ಮುಗಿಯುತ್ತಲೇ ಜೈಲಿನ ಅಡುಗೆಮನೆಗೆ ಹೋಗಿ, ಜೋಡಿಸಿಟ್ಟ ತಟ್ಟೆಗಳ ಮೇಲೆ ಸುಮ್ಮನೆ ಬೆರಳಾಡಿಸುತ್ತಾಳೆ. ಪ್ರತಿ ತಟ್ಟೆಯಲ್ಲೂ ಕೈದಿಯ ನಂಬರು ಕೊರೆದಿದೆ. ಉಂಡವರ ತಟ್ಟೆ ತೊಳೆದು ಒದ್ದೆಯಾಗಿರುತ್ತದೆ; ಒಣಗಿದ್ದರೆ ಆ ನಂಬರಿನವನು ಉಂಡಿಲ್ಲ, ಅಂದರೆ ಅವನಿಗೇನೋ ಆಗಿದೆ. ಹೊರಗೆ ಬಂದು ನಂಬರನ್ನು ನ್ಯಾಯಾಧೀಶರಿಗೆ ತಿಳಿಸುತ್ತಾಳೆ. ಸುಳಿವು ಎಲ್ಲಿಂದ ಸಿಕ್ಕಿತೆಂದು ಜೈಲಿನವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಪಾಲಿಗೆ ಅವಳು ಶುಚಿತ್ವದ ಹುಚ್ಚಿನ 'ತಟ್ಟೆ ಮೇಡಂ'.

"ತಟ್ಟೆಗೆ ಯಾರೂ ಹೊಡೆಯಲ್ಲ ಕಣೇ," ಎನ್ನುತ್ತಿದ್ದಳು ನನಗೆ.

ಆ ಭಾನುವಾರ ನೂರಾ ನಲವತ್ತೇಳನೇ ನಂಬರಿನ ತಟ್ಟೆಯ ಮೇಲೆ ಧೂಳು ಕೂತಿತ್ತು. ಒಂದು ಹೊತ್ತಿನದಲ್ಲ, ಮೂರು ನಾಲ್ಕು ದಿನದ ಧೂಳು. ನ್ಯಾಯಾಧೀಶರಿಂದ ತಪಾಸಣೆಯ ಆದೇಶ ಬರಲು ಇನ್ನೆರಡು ದಿನವಾದರೂ ಬೇಕು. ಅಷ್ಟರಲ್ಲಿ ಅವನು ಸತ್ತೇ ಹೋದರೆ? ಅಲ್ಲೇ ಕೇಳಿದರೆ ಇಷ್ಟು ವರ್ಷದ ಗುಟ್ಟು ರಟ್ಟಾಗುತ್ತದೆ. ಜೈಲರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಸುಮ್ಮನಿರು ಎಂದು ಅಕ್ಕನ ತೋಳು ಚಿವುಟಿದೆ. ನನ್ನ ಮಾತು ಅವಳು ಯಾವತ್ತು ಕೇಳಿದ್ದಾಳೆ!

"ಈ ನಂಬರಿನವನು ಎಲ್ಲಿ?"

"ಕೋರ್ಟಿಗೆ ಹೋಗಿದಾನೆ, ಮೇಡಂ."

"ಭಾನುವಾರ ಯಾವ ಕೋರ್ಟು ತೆಗೆದಿರುತ್ತೆ?"

ಜೈಲರ್ ಧೂಳಿನ ತಟ್ಟೆ ನೋಡಿದ, ಅಕ್ಕನ ಬೆರಳು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಆ ಕೈದಿಯನ್ನು ತೋರಿಸುವವರೆಗೆ ಏಳುವುದಿಲ್ಲವೆಂದು ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. ಕಾವಲುಗಾರರು ಬಂದು ಸುತ್ತ ನಿಂತರು. ನಮ್ಮನ್ನೂ ಒಳಗೇ ಹಾಕುತ್ತಾರೆಂದು ನಾನು ಟಿಪ್ಪಣಿ ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಒಂದು ಗಂಟೆಯ ಮೇಲೆ ಬೀಗದ ಕೈ ಬಂತು.

ಹಿಂದಿನ ಉಗ್ರಾಣದಲ್ಲಿ, ಗೋಣಿಚೀಲಗಳ ಮೇಲೆ ಅವನು ಬಿದ್ದಿದ್ದ. ಮೈ ಕೆಂಡದಂತೆ ಸುಡುತ್ತಿತ್ತು, ಪಕ್ಕೆಲುಬು ಮುರಿದಿತ್ತು. ಆದರೆ ಉಸಿರಿತ್ತು. ಆಂಬುಲೆನ್ಸ್ ಹೋದ ಮೇಲೆ ಅಕ್ಕ ಬೆರಳಿಗಂಟಿದ್ದ ಧೂಳು ಒರೆಸಿಕೊಂಡಳು.

ಮುಂದಿನ ತಿಂಗಳು ಹೋದಾಗ ಜೈಲರ್ ಅತಿ ವಿನಯದಿಂದ ತಾನೇ ನಮ್ಮನ್ನು ಅಡುಗೆಮನೆಗೆ ಕರೆದೊಯ್ದ. ಇನ್ನೂರ ಹನ್ನೆರಡು ತಟ್ಟೆಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು. ಇನ್ನು ಮುಂದೆ ಹಸಿದವನನ್ನು ಹುಡುಕುವುದು ಹೇಗೆ? ಅಕ್ಕ ಮಾತ್ರ ಒಂದೊಂದನ್ನೇ ಮುಟ್ಟುತ್ತಾ ಹೋಗಿ ಒಂದು ಕಡೆ ನಿಂತಳು.

"ಬರ್ಕೊಳೇ," ಎಂದಳು. "ನೂರಾ ನಲವತ್ತೇಳು, ಒದ್ದೆ."

ಆ ಮನುಷ್ಯ ಇನ್ನೂ ಆಸ್ಪತ್ರೆಯಲ್ಲೇ ಇದ್ದ.