ರೀಲು ತರುತ್ತಿದ್ದವನು

ಎರಡು ಊರಿನ ಟಾಕೀಸುಗಳಿಗೆ ಒಂದೇ ಪ್ರಿಂಟು ಇರುತ್ತಿತ್ತು. ರಾಣೇಬೆನ್ನೂರಿನಲ್ಲಿ ಓಡಿ ಮುಗಿದ ರೀಲುಗಳನ್ನು ಅವನು ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು, ಮೆಣಸಿನಕಾಯಿ ಚಕ್ಕಡಿಗಳ ಸಂದಿಯಲ್ಲಿ ನುಗ್ಗಿ, ಬ್ಯಾಡಗಿಯಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ನನಗೆ ಮುಟ್ಟಿಸುತ್ತಿದ್ದ. ಎಂಜಿನ್ ಮಾತ್ರ ಆರಿಸುತ್ತಿರಲಿಲ್ಲ. "ಲಗೂ ಹಚ್ಚರಿ, ಮಂದಿ ಕುರ್ಚಿ ಮುರೀತಾರ!" ಎಂದವನೇ ತಿರುಗಿಬಿಡುತ್ತಿದ್ದ.

ಕಾರ್ ರೇಸು, ನೈಟ್‌ಕ್ಲಬ್ಬುಗಳ ಒಂದು ಅಗ್ಗದ ಕ್ರೈಂ ಸಿನಿಮಾವನ್ನು ಮೂರು ವಾರ ಹೊತ್ತರೂ ಅವನು ಅದನ್ನು ನೋಡಿರಲಿಲ್ಲ. ರಾಣೇಬೆನ್ನೂರಿನಲ್ಲಿ ಅದರ ಆಟ ನಿಂತ ದಿನ, ಹೊರಲು ರೀಲಿಲ್ಲದ ಅವನನ್ನು ಒತ್ತಾಯಿಸಿ ನನ್ನ ಕ್ಯಾಬಿನ್ನಿನ ಕಿಂಡಿಯ ಮುಂದೆ ಕೂರಿಸಿದೆ. ಕ್ಲಬ್ಬಿನ ಕುಣಿತಕ್ಕೆ ಆಕಳಿಸಿದ. ರೇಸು ಶುರುವಾದಾಗ ಕೆಳಗೆ ಜನ ಸೀಟಿ ಹೊಡೆದರು. ಅವನ ಬಲಗೈ ಗಾಳಿಯಲ್ಲೇ ಎಕ್ಸಿಲರೇಟರ್ ತಿರುವುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದೇಬಿಟ್ಟ.

"ಇವ್ರು ಹಿಂಗ ಸಾವಕಾಶ ಹೊಂಟ್ರ ರೀಲು ಮುಟ್ಟಾಂಗಿಲ್ರಿ."